ಹೊಡೆಯೋದು ಬಿಟ್ಟ ಹುಡುಗ ಶಾಲೆಯ ಹೊಡೆದಾಟ ನಿಲ್ಲಿಸೋದು ಹೇಗೆ?

ಒಂದು ಕಾಲದಲ್ಲಿ ನೀನೇ ಹೊಡೆಯುತ್ತಿದ್ದೆ. ಚಿಕ್ಕವರ ಬ್ಯಾಗ್ ಕಿತ್ತು ಎಸೆಯುತ್ತಿದ್ದೆ, ಯಾರಿಗೋ ಅಡ್ಡಹೆಸರಿಟ್ಟು ಇಡೀ ಕ್ಲಾಸ್ ಅದೇ ಹೆಸರಲ್ಲಿ ಕೂಗುವಂತೆ ಮಾಡಿದ್ದೆ. ಈಗ ಅದೆಲ್ಲ ಬೇಡ ಅನಿಸಿದೆ, ಜೊತೆಗೆ ಬೇರೆಯವರು ಮಾಡುವುದನ್ನೂ ನೋಡಿಕೊಂಡು ಸುಮ್ಮನಿರೋಕೆ ಆಗುತ್ತಿಲ್ಲ. ಅಂಥ ಒಂಬತ್ತು, ಹತ್ತನೇ ಕ್ಲಾಸಿನ ಹುಡುಗನಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹುಡುಗಿಯರೂ ಓದಿ. ನಿಮ್ಮಲ್ಲಿ ಕೈ ಎತ್ತುವುದು ಕಡಿಮೆ, ಮಾತು ಬಿಟ್ಟು ಒಬ್ಬಳನ್ನು ಒಂಟಿ ಮಾಡುವುದು ಜಾಸ್ತಿ. ನೋವು ಮಾತ್ರ ಅಷ್ಟೇ.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಸ್ಟಾಫ್ ರೂಮಿನಲ್ಲಿ ಕೂತ ನಮಗೆ ಕಾಣದ್ದು ನಿನಗೆ ಕಾಣುತ್ತದೆ. ಟಾಯ್ಲೆಟ್ ಹಿಂದೆ ಯಾರನ್ನು ನಿಲ್ಲಿಸಿಕೊಳ್ಳುತ್ತಾರೆ, ಬಿಸಿಯೂಟದ ಸಾಲಿನಲ್ಲಿ ಯಾರ ತಟ್ಟೆ ಬೇಕಂತಲೇ ಬೀಳುತ್ತದೆ, ಸೈಕಲ್ ಸ್ಟ್ಯಾಂಡಿನಲ್ಲಿ ದಿನಾ ಯಾರ ಚಕ್ರದ ಗಾಳಿ ಹೋಗುತ್ತದೆ, ಶಾಲೆ ಬಿಟ್ಟ ಮೇಲೆ ಬಸ್ ಸ್ಟಾಪಿನ ದಾರಿಯಲ್ಲಿ ಯಾರು ಯಾರಿಗಾಗಿ ಕಾಯುತ್ತಾರೆ, ಎಲ್ಲ ನಿನಗೆ ಗೊತ್ತು. ಅದಕ್ಕೇ ನಿನ್ನ ಒಂದು ಮಾತು ನಮ್ಮ ಪ್ರೇಯರ್ ಭಾಷಣಕ್ಕಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುತ್ತದೆ.

ಮೊದಲು ನಿನ್ನ ಹಳೆ ಲೆಕ್ಕ

ನೀನು ನೋಯಿಸಿದವರ ಹತ್ತಿರ ಹೋಗದೆ ಬೇರೆಯವರಿಗೆ ಬುದ್ಧಿ ಹೇಳಲು ಹೊರಟರೆ ಯಾರೂ ನಂಬುವುದಿಲ್ಲ. ಕ್ಷಮೆ ಕೇಳು. ಆದರೆ ಕೇಳುವ ರೀತಿ ಇದೆ. ಎಲ್ಲರೆದುರು ಬೇಡ, ಗೆಳೆಯರನ್ನು ಕಟ್ಟಿಕೊಂಡು ಹೋಗಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ಅವನು ಮೂಲೆಯಲ್ಲಿ ಒಬ್ಬನೇ ಇದ್ದಾಗ ದಾರಿಗೆ ಅಡ್ಡ ನಿಂತು ಮಾತಾಡಿಸಬೇಡ, ನೀನು ಹೊಡೆಯಲು ಬಂದೆ ಅಂತಲೇ ಅವನು ಅಂದುಕೊಳ್ಳುತ್ತಾನೆ. ಕ್ಲಾಸ್ ರೂಮಿನ ಬಾಗಿಲ ಹತ್ತಿರವೋ, ಮೈದಾನದ ಕಟ್ಟೆಯ ಮೇಲೋ, ಅವನು ಬೇಕೆಂದರೆ ಎದ್ದು ಹೋಗುವಂಥ ಜಾಗ ನೋಡಿಕೋ. ಮಾಡಿದ್ದನ್ನು ಹೆಸರಿಟ್ಟು ಹೇಳು: "ಹೋದ ವರ್ಷ ನಿನ್ನ ಜಾಮಿಟ್ರಿ ಬಾಕ್ಸ್ ಮುರಿದಿದ್ದು ನಾನೇ. ತಪ್ಪಾಯ್ತು. ಇನ್ನು ನಿನ್ನ ತಂಟೆಗೆ ಬರಲ್ಲ, ನನ್ನ ಜೊತೆಯವರಿಗೂ ಹೇಳಿದ್ದೀನಿ." ಇಷ್ಟೇ ಸಾಕು. "ನೀನೂ ಆವತ್ತು ಹಾಗೆ ಅಂದಿದ್ದೆ" ಅಂತ ಬಾಲ ಸೇರಿಸಬೇಡ. ಮುರಿದ ವಸ್ತು ಇದ್ದರೆ ಕೊಡಿಸು, ಕಿತ್ತುಕೊಂಡ ದುಡ್ಡು ವಾಪಸ್ ಕೊಡು.

ಅವನು ಒಪ್ಪದೆ ಇರಬಹುದು. ಮುಖ ತಿರುಗಿಸಿಕೊಂಡು ಹೋಗಬಹುದು. ಅದು ಅವನ ಹಕ್ಕು, ಮತ್ತೆ ಮತ್ತೆ ಹೋಗಿ ಕಾಡಬೇಡ. ನಿನ್ನನ್ನು ಕಂಡರೇ ಅವನಿಗೆ ನಡುಕ ಬರುತ್ತದೆ ಅಂತಾದರೆ ಒಂದು ಚೀಟಿ ಬರೆದು ಕ್ಲಾಸ್ ಟೀಚರ್ ಕೈಗೆ ಕೊಡು.

ಗ್ಯಾಂಗಿನ ವಿಷಯ

ಕಷ್ಟದ ಭಾಗ ಇದು. "ಏನ್ ಮಗಾ, ಸ್ವಾಮೀಜಿ ಆಗ್ಬಿಟ್ಯಾ?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಉದ್ದ ಮಾಡಬೇಡ. "ಬೇಜಾರಾಗಿದೆ ಕಣೋ, ಬಿಟ್ಟಿದ್ದೀನಿ" ಅಂದು ವಾಲಿಬಾಲ್ ಆಡಲು ಹೋಗಿಬಿಡು. ಬದಲಾಗಿದ್ದೇನೆ ಅಂತ ಎಲ್ಲರೆದುರು ಸಾರಿದರೆ ನಿನ್ನನ್ನು ಕೆಣಕಿ ನೋಡುವುದೇ ಅವರಿಗೆ ಆಟವಾಗುತ್ತದೆ. ಬದಲಿಗೆ ದಿನಚರಿ ಬದಲಿಸು. ಬೇರೆ ಬೆಂಚಿಗೆ ಹೋಗು. ಪಿ.ಟಿ. ಸರ್ ಹತ್ತಿರ ಕಬಡ್ಡಿಗೋ ಖೋ ಖೋಗೋ ಹೆಸರು ಕೊಡು, ಸಂಜೆಯ ಆ ಒಂದು ಗಂಟೆ ತುಂಬಿಹೋಗುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಜೊತೆಗೆ ಬೇರೆ ಯಾರನ್ನಾದರೂ ಹುಡುಕಿಕೋ.

ಗ್ಯಾಂಗಿನಲ್ಲಿ ನಿನ್ನಂತೆಯೇ ಸಾಕಾಗಿರುವ ಒಬ್ಬನಾದರೂ ಇರುತ್ತಾನೆ, ಎಲ್ಲರೂ ನಕ್ಕಾಗ ಅರೆಮನಸ್ಸಿನಿಂದ ನಗುವವನು. ಅವನನ್ನು ಒಬ್ಬನೇ ಸಿಕ್ಕಾಗ ಮಾತಾಡಿಸು. ಗುಂಪಿನ ಮಧ್ಯೆ ಯಾರೂ ಒಪ್ಪಿಕೊಳ್ಳುವುದಿಲ್ಲ, ಇಬ್ಬರೇ ಕೂತಾಗ ಒಪ್ಪಿಕೊಳ್ಳುತ್ತಾರೆ. ಇನ್‌ಸ್ಟಾಗ್ರಾಂ ಗ್ರೂಪಿನಲ್ಲಿ ಯಾರದ್ದಾದರೂ ಫೋಟೊ ಹಾಕಿ ಗೇಲಿ ಮಾಡುತ್ತಿದ್ದರೆ ಲೈಕ್ ಕೊಡಬೇಡ, ನಗುವ ಇಮೋಜಿ ಹಾಕಬೇಡ, "ಡಿಲೀಟ್ ಮಾಡೋ" ಅಂತ ಹಾಕಿದವನಿಗೆ ಪ್ರತ್ಯೇಕವಾಗಿ ಬರೆ.

ಯಾರ ಬ್ಯಾಗಿನಲ್ಲಾದರೂ ಬ್ಲೇಡು, ಚಾಕು, ಸೈಕಲ್ ಚೈನು ಕಂಡರೆ ಅದು ಗೆಳೆತನದ ಗುಟ್ಟು ಅಲ್ಲವೇ ಅಲ್ಲ. ಅದೇ ದಿನ ಎಚ್.ಎಂ.ಗೆ ಹೇಳಲೇಬೇಕು. 18 ತುಂಬದವರಿಗೆ ಏನೂ ಆಗಲ್ಲ ಅಂತ ಹುಡುಗರು ಮಾತಾಡಿಕೊಳ್ಳುತ್ತಾರೆ, ಅದು ಪೂರ್ತಿ ನಿಜ ಅಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಕ್ಕಳನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಆದರೆ 16 ತುಂಬಿದವನು ಕೊಲೆಯಂಥ ಘೋರ ಅಪರಾಧ ಮಾಡಿದರೆ ದೊಡ್ಡವರಂತೆಯೇ ವಿಚಾರಣೆ ಆಗಲಿ ಅಂತ ಮಂಡಳಿ ಹೇಳುವ ಅವಕಾಶವೂ ಅದೇ ಕಾಯ್ದೆಯಲ್ಲಿದೆ. ಬ್ಲೇಡ್ ಇಟ್ಟುಕೊಂಡವನ ಒಳ್ಳೆಯದಕ್ಕೂ ನೀನು ಹೇಳಬೇಕು ಅನ್ನುವುದು ಅದಕ್ಕೇ.

ಕಣ್ಣೆದುರೇ ನಡೆಯುತ್ತಿದ್ದರೆ

ಕೆನಡಾದ ಟೊರೊಂಟೊ ಶಾಲೆಗಳ ಮೈದಾನದಲ್ಲಿ ಮಕ್ಕಳ ಜಗಳ, ಗೇಲಿ ಎಲ್ಲವನ್ನೂ ವಿಡಿಯೋ ಮಾಡಿ ನೋಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಸುತ್ತ ಮಕ್ಕಳು ಹೆಚ್ಚುಕಮ್ಮಿ ಯಾವಾಗಲೂ ಇದ್ದರು. ಅಡ್ಡ ಹೋದದ್ದು ಐದರಲ್ಲಿ ಒಂದು ಸಲದಷ್ಟು. ಆದರೆ ಹಾಗೆ ಯಾರಾದರೂ ಅಡ್ಡ ಹೋದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಹಿಂಸೆ ನಿಂತುಹೋಯಿತು. ಹತ್ತೇ ಸೆಕೆಂಡು! ನನಗೆ ಇದನ್ನು ಓದಿದಾಗ ತುಂಬಾ ಧೈರ್ಯ ಬಂತು. ಫಿನ್‌ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟೀನಾ ಸಾಲ್ಮಿವಾಲಿ 1996ರಲ್ಲೇ ಇಂಥ ಜಾಗದಲ್ಲಿ ಯಾರ್‍ಯಾರು ಇರುತ್ತಾರೆ ಅಂತ ವಿಂಗಡಿಸಿದ್ದರು: ಹೊಡೆಯುವವನು, ಅವನಿಗೆ ಕೈಜೋಡಿಸುವವನು, ನಕ್ಕು ಹುರಿದುಂಬಿಸುವವನು, ದೂರ ನಿಲ್ಲುವವನು, ಹೊಡೆಸಿಕೊಂಡವನ ಪರ ನಿಲ್ಲುವವನು. ನಿನ್ನ ಶಾಲೆಯನ್ನು ಕಣ್ಮುಂದೆ ತಂದುಕೋ, ಒಬ್ಬೊಬ್ಬರ ಮುಖವೂ ಕಾಣುತ್ತದೆ. ಹೊಡೆಯುವವನಿಗೆ ಬೇಕಾದದ್ದು ನೋಡುವವರು ಅನ್ನೋದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಾಗಿ ಹೊಡೆಯುವವನ ಮೇಲೆ ಹೋಗಬೇಡ. ಹೊಡೆಸಿಕೊಳ್ಳುತ್ತಿರುವವನ ಹತ್ತಿರ ಹೋಗು. ಅಡ್ಡಹೆಸರಲ್ಲ, ನಿಜವಾದ ಹೆಸರು ಹಿಡಿದು ಕರೆ. "ಬಾರೋ, ಸೈನ್ಸ್ ಮಿಸ್ ಕರೀತಿದ್ದಾರೆ" ಅನ್ನು. ಸುಳ್ಳೇ, ಆದರೆ ಈ ಸುಳ್ಳನ್ನು ನಾನು ಒಪ್ಪುತ್ತೇನೆ, ಯಾವ ಮಿಸ್ ಹೆಸರು ಬೇಕಾದರೂ ಹೇಳು. ಅವನ ಪಕ್ಕದಲ್ಲೇ ನಡೆದು ಜನ ಇರುವ ಕಡೆ ಕರೆದುಕೊಂಡು ಹೋಗು. ಹೊಡೆಯುವವನು ನಿನ್ನ ಹಳೆ ಗೆಳೆಯನೇ ಆಗಿದ್ದರೆ "ಸಾಕು ಬಿಡೋ" ಅಂತ ಮೆಲ್ಲಗೆ, ಒಂದೇ ಸಲ ಹೇಳು. ಅವನ ಕಾಲರ್ ಹಿಡಿಯಬೇಡ, ಹೆಗಲ ಮೇಲೂ ಕೈ ಇಡಬೇಡ, ನಿನ್ನ ಎರಡೂ ಕೈ ಕೆಳಗೆ ಕಾಣುವಂತೆ ಇರಲಿ, ಯಾಕೆಂದರೆ ದೂರದಿಂದ ನೋಡುವ ಮೇಷ್ಟ್ರಿಗೆ ನೀನು ಇನ್ನೂ ಹಳೆಯ ಹುಡುಗನೇ. ಮಾತಾಡುವ ಧೈರ್ಯ ಬರಲಿಲ್ಲವಾ? ನಿಂತು ನೋಡುತ್ತಿರುವ ಇಬ್ಬರನ್ನು "ನೀರು ಕುಡಿಯೋಣ ಬನ್ರೋ" ಅಂತ ಎಳೆದುಕೊಂಡು ಹೋಗು. ಅಷ್ಟಕ್ಕೇ ಗುಂಪು ಸಡಿಲವಾಗುತ್ತದೆ.

ನ್ಯಾಯ ಕೊಡಿಸುತ್ತೇನೆ ಅಂತ ನೀನೇ ನಾಲ್ಕು ಬಿಗಿದೆ ಅಂದುಕೋ. ಏಟು ತಿಂದ ಗ್ಯಾಂಗು ನಾಳೆ ನಿನ್ನನ್ನಲ್ಲ, ಆ ಸಣ್ಣ ಹುಡುಗನನ್ನು ಹುಡುಕುತ್ತದೆ. ಜೊತೆಗೆ ಕೈಗೆ ಹಳೆ ಅಭ್ಯಾಸ ವಾಪಸ್ ಬರುತ್ತದೆ. ಆಯುಧ ಇದ್ದರೆ, ಹೊರಗಿನ ದೊಡ್ಡ ಹುಡುಗರು ಬೈಕಿನಲ್ಲಿ ಬಂದಿದ್ದರೆ ಮಧ್ಯೆ ಹೋಗಲೇಬೇಡ. ಓಡಿಹೋಗಿ ದೊಡ್ಡವರನ್ನು ಕರೆ, ಫೋನ್ ಸಿಕ್ಕರೆ ತುರ್ತು ಸಹಾಯದ ನಂಬರ್ 112ಕ್ಕೆ ಮಾಡು.

ಆಮೇಲೆ

ನಾಳೆ ಊಟಕ್ಕೆ ಆ ಹೊಡೆಸಿಕೊಂಡವನ ಪಕ್ಕ ಕೂತುಕೋ. ಇದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡ. ವಾರಗಟ್ಟಲೆ ಒಬ್ಬನೇ ಉಂಡವನಿಗೆ ಪಕ್ಕದಲ್ಲಿ ಒಂದು ತಟ್ಟೆ ಬಂದರೆ ಏನನಿಸುತ್ತದೆ ಅಂತ ಯೋಚಿಸು. "ನೀನೂ ತಿರುಗಿ ಹೊಡಿ" ಅಂತ ಕಲಿಸಬೇಡ, ಹಾಗೆ ಹೊಡೆಯುವ ಹಾಗಿದ್ದರೆ ಆವತ್ತೇ ಹೊಡೆದಿರುತ್ತಿದ್ದ, ಈಗ ನಿನ್ನ ಮಾತು ಕೇಳಿ ಹೋದರೆ ಇನ್ನೂ ಜಾಸ್ತಿ ತಿನ್ನುತ್ತಾನೆ. ಏನು ಮಾಡಿದರೆ ನಿನಗೆ ಸಹಾಯ ಅಂತ ಅವನನ್ನೇ ಕೇಳು. ಕೆಲವರಿಗೆ ಬಸ್ ಸ್ಟಾಪಿನವರೆಗೆ ಜೊತೆಗೆ ಯಾರಾದರೂ ಬಂದರೆ ಸಾಕು.

ಮೇಷ್ಟ್ರಿಗೆ ಹೇಳೋದು

ಇದು ಚಾಡಿ ಅಲ್ಲ. ಯಾರನ್ನೋ ಸಿಕ್ಕಿಸಲು ಹೇಳುವುದು ಚಾಡಿ. ಬಾಯಲ್ಲಿ ಹೇಳುವುದರ ಜೊತೆಗೆ ಒಂದು ಹಾಳೆಯಲ್ಲಿ ಬರೆದು ಕೊಡು: ತಾರೀಕು, ಜಾಗ, ಏನು ನಡೆಯಿತು, ನೀನು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು. ಒಂದು ಪ್ರತಿ ನಿನ್ನ ಹತ್ತಿರ ಇರಲಿ. ನಿನ್ನ ಹಳೆ ಹೆಸರಿನಿಂದಾಗಿ ಮೊದಲ ಸಲ ನಂಬದೆ ಇರಬಹುದು, ಅದಕ್ಕೆ ನೋಡಿದ ಇನ್ನೊಬ್ಬರನ್ನು ಕರೆದುಕೊಂಡು ಹೋಗು. ಕ್ಲಾಸ್ ಟೀಚರ್ ಕಿವಿಗೆ ಹಾಕಿಕೊಳ್ಳದಿದ್ದರೆ ಎಚ್.ಎಂ., ಅಲ್ಲೂ ಆಗದಿದ್ದರೆ ಎಸ್‌ಡಿಎಂಸಿಯಲ್ಲಿರುವ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿರುವ, ಪರಿಚಯದ ಅಪ್ಪ ಅಮ್ಮಂದಿರು. ಹಳ್ಳಿಯಾದರೆ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಹೊಡೆಯುವವರು ಮೇಷ್ಟ್ರೇ ಆಗಿದ್ದರೂ ಸುಮ್ಮನಿರಬೇಕಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ.

ಕೆಲವನ್ನು ಒಂದು ದಿನವೂ ಗುಟ್ಟಾಗಿ ಇಡಬಾರದು. ಯಾರದ್ದಾದರೂ ಬಟ್ಟೆ ಬಿಚ್ಚಿಸಿದ್ದು, ಮುಟ್ಟಬಾರದ ಕಡೆ ಮುಟ್ಟಿದ್ದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಡಿ ಬರುತ್ತದೆ, ಅದರ ವಿಡಿಯೋ ನಿನ್ನ ಫೋನಿಗೆ ಬಂದರೆ ಸಾಕ್ಷಿಗೆ ಅಂತಲೂ ಇನ್ನೊಬ್ಬರಿಗೆ ಕಳಿಸಬೇಡ, ಫೋನನ್ನೇ ಒಯ್ದು ದೊಡ್ಡವರಿಗೆ ತೋರಿಸು. ಜಾತಿ ಹೆಸರು ಹಿಡಿದು ಬೈಯುವುದು, ತಟ್ಟೆ ಬೇರೆ ಇಡಿಸುವುದು ತಮಾಷೆ ಅಲ್ಲ, ದಲಿತ ಮಕ್ಕಳಿಗೆ ಹೀಗೆ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. "ಬದುಕೋದೇ ಬೇಡ ಅನ್ಸತ್ತೆ" ಅಂತ ಯಾರಾದರೂ ಅಂದರೆ ಅವರನ್ನು ಒಂಟಿಯಾಗಿ ಬಿಡದೆ ಮನೆಯವರಿಗೋ ಟೀಚರಿಗೋ ತಕ್ಷಣ ಹೇಳು. ಜೊತೆಗೆ ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇದೆ, 2022ರಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ.

ಆ 1098 ನಿನಗೂ ಇದೆ ಕಣೋ. ಶಾಲೆಯಲ್ಲಿ ಕೈ ಎತ್ತುವ ಎಷ್ಟೋ ಹುಡುಗರು ಮನೆಯಲ್ಲಿ ಬೆಲ್ಟಿನ ಏಟು ತಿಂದು ಬಂದಿರುತ್ತಾರೆ. ನಿನ್ನ ಮನೆಯಲ್ಲೂ ಹಾಗೇ ಆಗುತ್ತಿದ್ದರೆ, ಕುಡಿದು ಬಂದ ಅಪ್ಪನ ಎದುರು ಅಮ್ಮನ ಪರ ನಿಂತು ನೀನೇ ಏಟು ತಿನ್ನುತ್ತಿದ್ದರೆ, ಅದನ್ನು ನೀನು ನಂಬುವ ಒಬ್ಬ ಟೀಚರಿಗೆ ಹೇಳು. ಬೇರೆಯವರ ನೋವಿಗೆ ಸಹಾಯ ಕೇಳುವ ನೀನು ನಿನ್ನ ನೋವಿಗೂ ಕೇಳು.

ನೀನು ಈಗ ಒಂಬತ್ತನೇ ಕ್ಲಾಸಿನಲ್ಲಿದ್ದರೆ ಇನ್ನೊಂದು ಕೆಲಸಕ್ಕೆ ಈಗಲೇ ತಯಾರಿ ಮಾಡಿಕೋ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಸುತ್ತಲಿನ ಊರುಗಳಿಂದ ಎಂಟನೇ ಕ್ಲಾಸಿಗೆ ಹೊಸ ಮಕ್ಕಳು ಬರುತ್ತಾರೆ, ಯಾರ ಪರಿಚಯವೂ ಇಲ್ಲದ ಅವರೇ ಎಲ್ಲರ ಕಣ್ಣಿಗೆ ಮೊದಲು ಬೀಳುವುದು. ಮೊದಲ ವಾರ ಒಂದಿಬ್ಬರು ಗೆಳೆಯರನ್ನು ಕರೆದುಕೊಂಡು ಅವರ ಕ್ಲಾಸಿಗೆ ಹೋಗು. ಕುಡಿಯುವ ನೀರು ಎಲ್ಲಿ, ಟಾಯ್ಲೆಟ್ ಎಲ್ಲಿ, ಬಸ್ ಪಾಸಿಗೆ ಯಾರನ್ನು ಕೇಳಬೇಕು ತೋರಿಸು. ಯಾರಾದರೂ ಹೆದರಿಸಿದರೆ ಹತ್ತನೇ ಕ್ಲಾಸಿನಲ್ಲಿ ಯಾವ ಬೆಂಚಿಗೆ ಬಂದು ಹೇಳಬೇಕು ಅನ್ನುವುದನ್ನೂ ತೋರಿಸು.