ಗಮನ ಕೊರತೆ ಇರುವವರು ತಿನ್ನುವ ದುಡುಕನ್ನು ಹಿಡಿತಕ್ಕೆ ತರುವ ಬಗೆ

ಹೊಟ್ಟೆ ತುಂಬಿದ ಮೇಲೂ ಕೈ ತಿಂಡಿಯ ಡಬ್ಬಿಯತ್ತ ಹೋಗುವುದನ್ನು ನಾಲಿಗೆ ಚಪಲವೆಂದು ಜನ ಹಳಿಯುತ್ತಾರೆ. ಗಮನ ಕೊರತೆ, ಅಂದರೆ ಎಡಿಎಚ್‌ಡಿ ಇರುವವರ ವಿಷಯದಲ್ಲಿ ಈ ಹಳಿಯುವಿಕೆ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆಸೆಗೂ ಕ್ರಿಯೆಗೂ ನಡುವೆ ತಡೆ ಹಾಕುವ ಮಿದುಳಿನ ಮುಂಭಾಗದ ಕೆಲಸ ಇವರಲ್ಲಿ ದುರ್ಬಲವಾಗಿರುತ್ತದೆ. ಮುಂದೆಂದೋ ದೊರೆಯುವ ಆರೋಗ್ಯಕ್ಕಿಂತ ಈ ಕ್ಷಣದ ರುಚಿಯೇ ಹೆಚ್ಚು ಸೆಳೆಯುತ್ತದೆ. ಸಕ್ಕರೆ ಮತ್ತು ಕೊಬ್ಬು ಬೆರೆತ ತಿನಿಸುಗಳು ಮಿದುಳಿನಲ್ಲಿ ಸುಖ, ಸೆಳೆತಗಳಿಗೆ ಸಂಬಂಧಿಸಿದ ಡೋಪಮೈನ್ ವ್ಯವಸ್ಥೆಯನ್ನು ಬೇಗನೆ ಕೆರಳಿಸುವುದರಿಂದ ಬೇಸರಗೊಂಡ ಮನಸ್ಸು ಅವುಗಳನ್ನೇ ಹುಡುಕುತ್ತದೆ. ಆದ್ದರಿಂದ ಮನೋಬಲವನ್ನು ನೆಚ್ಚಿಕೊಳ್ಳುವುದಕ್ಕಿಂತ, ಆ ಬಲ ಬೇಕಾಗುವ ಸಂದರ್ಭಗಳನ್ನೇ ಕಡಿಮೆ ಮಾಡಿಕೊಳ್ಳುವುದು ಮೇಲು.

ಮೊದಲು ಒಂದು ವಾರ, ಅನಗತ್ಯವಾಗಿ ತಿಂದಾಗಲೆಲ್ಲ ಹೊತ್ತು ಮತ್ತು ಆಗಿನ ಮನಸ್ಥಿತಿಯನ್ನು ಮಾತ್ರ ಫೋನಿನಲ್ಲಿ ಬರೆದಿಡಿ. ಕ್ಯಾಲೊರಿ ಲೆಕ್ಕದ ವಿವರವಾದ ದಿನಚರಿಯನ್ನು ಗಮನ ಕೊರತೆ ಇರುವವರು ನಾಲ್ಕು ದಿನಕ್ಕೇ ಕೈಬಿಡುವ ಸಂಭವ ಹೆಚ್ಚು. ಹಸಿವು, ಬೇಸರ, ಸಿಟ್ಟು, ನಿದ್ದೆಗೇಡು ಇವುಗಳಲ್ಲಿ ಯಾವುದು ಪದೇ ಪದೇ ಕಾಣಿಸುತ್ತದೆ ಎಂದು ತಿಳಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಊಟದ ಹೊತ್ತು. ಕೆಲಸದಲ್ಲಿ ಮುಳುಗಿದಾಗ ಹಸಿವಿನ ಅರಿವೇ ಆಗದೆ ಮಧ್ಯಾಹ್ನದ ಊಟ ತಪ್ಪುತ್ತದೆ. ಸಂಜೆ ದೇಹ ತನ್ನ ಬಾಕಿಯನ್ನು ಒಮ್ಮೆಲೇ ಕೇಳುತ್ತದೆ, ಅದೂ ದಿನವಿಡೀ ದುಡಿದ ಮಿದುಳಿಗೆ ತಡೆಯುವ ಶಕ್ತಿ ತೀರಾ ಕಡಿಮೆಯಿರುವ ಹೊತ್ತಿನಲ್ಲಿ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್‌ನಂತಹ ಔಷಧಿಗಳು ಹಗಲಿನಲ್ಲಿ ಹಸಿವನ್ನು ಅಡಗಿಸುವುದರಿಂದ, ಅವುಗಳ ಪರಿಣಾಮ ಇಳಿದಾಗ ಹಸಿವು ಇನ್ನೂ ಜೋರಾಗಿ ಮರಳಬಹುದು. ಹಸಿವಾಗುವವರೆಗೆ ಕಾಯದೆ, ಅಲಾರಂ ಇಟ್ಟು ಮೂರು ನಾಲ್ಕು ಗಂಟೆಗೊಮ್ಮೆ ಪ್ರೊಟೀನ್ ಇರುವ ಏನನ್ನಾದರೂ ತಿನ್ನಿ. ಕಠಿಣ ಪಥ್ಯ ಮಾತ್ರ ಬೇಡ. ದಿನವಿಡೀ ಉಪವಾಸವಿದ್ದವರೇ ರಾತ್ರಿ ಹಿಡಿತ ತಪ್ಪಿ ತಿನ್ನುವುದು ಹೆಚ್ಚು.

ಎರಡನೆಯದಾಗಿ, ಆಸೆ ಹುಟ್ಟಿದ ಕ್ಷಣಕ್ಕೂ ಬಾಯಿಗೂ ನಡುವೆ ಅಡೆತಡೆಗಳನ್ನು ಇಡಿ. ನಿಮ್ಮನ್ನು ಸೋಲಿಸುವ ತಿನಿಸನ್ನು ಮನೆಯಲ್ಲಿ ಶೇಖರಿಸಬೇಡಿ, ಪೊಟ್ಟಣದಿಂದ ನೇರವಾಗಿ ತಿನ್ನದೆ ತಟ್ಟೆಗೆ ಬಡಿಸಿಕೊಳ್ಳಿ, ಊಟ ತರಿಸುವ ಆ್ಯಪ್‌ನಲ್ಲಿ ಉಳಿಸಿಟ್ಟ ಕಾರ್ಡಿನ ವಿವರವನ್ನು ಅಳಿಸಿ. ಕಾರ್ಡಿನ ಸಂಖ್ಯೆಯನ್ನು ಮತ್ತೆ ತುಂಬಬೇಕಾದ ಆ ಸಣ್ಣ ಕಿರಿಕಿರಿಯೇ ದುಡುಕಿನ ವೇಗವನ್ನು ಎಷ್ಟೋ ಸಲ ಮುರಿಯುತ್ತದೆ. ತಿನ್ನಲೇಬಾರದೆಂಬ ಶಪಥದ ಬದಲು ಹತ್ತು ನಿಮಿಷ ಮುಂದೂಡಿ, ಆ ಹೊತ್ತಿನಲ್ಲಿ ಎದ್ದು ನಡೆದಾಡಿ ಅಥವಾ ಹಾಡು ಕೇಳಿ. ಮಿದುಳು ಕೇಳುತ್ತಿರುವುದು ಉತ್ತೇಜನವಾದ್ದರಿಂದ ಅದನ್ನು ಬೇರೆ ದಾರಿಯಿಂದಲೂ ಕೊಡಬಹುದು. ನಿದ್ದೆಗೆಟ್ಟರೆ ಹಸಿವೂ ದುಡುಕೂ ಎರಡೂ ಹೆಚ್ಚುತ್ತವೆ.

ಇಷ್ಟಾದರೂ ವಾರಕ್ಕೊಮ್ಮೆಯಾದರೂ ಹಿಡಿತ ತಪ್ಪಿ ಅತಿಯಾಗಿ ತಿನ್ನುವುದು ಮೂರು ತಿಂಗಳು ಮುಂದುವರಿದಿದ್ದು, ಅದರಿಂದ ಮನಸ್ಸಿಗೆ ತೀವ್ರ ಸಂಕಟವಾಗುತ್ತಿದ್ದರೆ ಮನೋವೈದ್ಯರನ್ನು ಕಾಣಿರಿ. ರೋಗನಿರ್ಣಯಕ್ಕೆ ಬಳಸುವ, 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ‘ಆಹಾರ ವ್ಯಸನ’ ಎಂಬ ಕಾಯಿಲೆಯಿಲ್ಲ. ಆದರೆ ಹೀಗೆ ಪದೇ ಪದೇ ಹಿಡಿತ ತಪ್ಪಿ ಅತಿಯಾಗಿ ತಿನ್ನುವ ಕಾಯಿಲೆ, ಅಂದರೆ ಬಿಂಜ್ ಈಟಿಂಗ್ ಡಿಸಾರ್ಡರ್ ಇದೆ, ಅದಕ್ಕೆ ಚಿಕಿತ್ಸೆಯೂ ಇದೆ. ಎಡಿಎಚ್‌ಡಿಗೆ ಕೊಡುತ್ತಿದ್ದ ಲಿಸ್‌ಡೆಕ್ಸಾಂಫೆಟಮೈನ್ ಎಂಬ ಔಷಧಿಗೆ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ವಯಸ್ಕರಲ್ಲಿನ ಈ ಕಾಯಿಲೆಗೂ ಅನುಮತಿ ನೀಡಿತು. ಅದು ತೂಕ ಇಳಿಸುವ ಮಾತ್ರೆಯಲ್ಲ, ಚಟವಾಗುವ ಅಪಾಯವೂ ಅದಕ್ಕಿದೆ. ವೈದ್ಯರ ನಿಗಾ ಇಲ್ಲದೆ ಮುಟ್ಟಬಾರದು.

ವೈದ್ಯರ ಬಳಿ ಎರಡೂ ತೊಂದರೆಗಳನ್ನು ಹೇಳಿರಿ. ಗಮನದ ತೊಂದರೆಗೆ ಹೋದವರು ತಿನ್ನುವ ವಿಷಯವನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ, ಪಥ್ಯ ತಜ್ಞರ ಬಳಿ ಹೋದವರು ಬಾಲ್ಯದಿಂದ ಬಂದ ಮರೆವು, ಚಡಪಡಿಕೆಗಳನ್ನು ಹೇಳುವುದೇ ಇಲ್ಲ. ಎಡಿಎಚ್‌ಡಿಯ ನಿರ್ಣಯಕ್ಕೆ 12 ವರ್ಷಕ್ಕಿಂತ ಮೊದಲಿನ ಲಕ್ಷಣಗಳು ಬೇಕಾಗುವುದರಿಂದ, ಶಾಲೆಯ ಹಳೆಯ ವರದಿಗಳಿದ್ದರೆ ಜೊತೆಗೆ ಒಯ್ಯಿರಿ. ತಿಂದ ಮೇಲೆ ವಾಂತಿ ಮಾಡಿಕೊಳ್ಳುವ ಅಭ್ಯಾಸವಿದ್ದರೆ ಭೇಟಿಯನ್ನು ಮುಂದೂಡದೆ, ಅದನ್ನೇ ಮೊದಲು ತಿಳಿಸಿರಿ.