ಉತ್ತರ ಬ್ಯಾಡ್ರಿ ಸರ, ಸುಳಿವು ಕೊಡ್ರಿ

ಧಾರವಾಡದ ಸಪ್ತಾಪುರದಲ್ಲಿ ಗಣಿತ ಕೇಳೋಕೆ ಜನರಿಗೆ ಬರವಿಲ್ಲ. ಎಲ್ಲಿ ನೋಡಿದರೂ ಕೋಚಿಂಗ್ ಕ್ಲಾಸ್, ರೂಮು ಮಾಡಿಕೊಂಡು ಓದುವ ಹುಡುಗರು. ಬ್ಯಾಂಕ್ ಪರೀಕ್ಷೆಗೆ ಓದುವಾಗ ನಾನೂ ಅಲ್ಲೇ ಇದ್ದೆ. ಕೇಳಿದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಆದರೆ ನಾವು ಕೇಳಿದ ಹಾಗೆ ಸಿಗೋದು.

ಒಂದು ಲೆಕ್ಕ ನನ್ನನ್ನು ಬಹಳ ಕಾಡಿತ್ತು. ಒಂದರ ಹಿಂದೊಂದು ಬರುವ ನಾಲ್ಕು ಪೂರ್ಣಾಂಕಗಳ ಗುಣಲಬ್ಧ 1680. ಆ ಪೂರ್ಣಾಂಕಗಳು ಯಾವುವು?

ರೂಮ್‌ಮೇಟ್‌ಗೆ ತೋರಿಸಿ "ಇದರ ಉತ್ತರ ಏನಲೇ?" ಅಂದೆ. ಕಣ್ಣು ಹಾಯಿಸಿದವನೇ "5, 6, 7, 8. ಅಷ್ಟ ಅಲ್ಲೇನ?" ಅಂದ. ಗುಣಿಸಿದರೆ ಸರಿಯೇ. ಆದರೆ ಪುಸ್ತಕದ ಹಿಂದೆ ಎರಡು ಉತ್ತರ ಇದ್ದವು. ಅಂದಾಜಿನಲ್ಲಿ ಸಿಕ್ಕ ಉತ್ತರದಿಂದ ಇನ್ನೊಂದಕ್ಕೆ ದಾರಿ ಇಲ್ಲ. ಅವನದೇನು ತಪ್ಪು? ಕೇಳಿದ್ದು ಉತ್ತರ, ಕೊಟ್ಟ.

ಅದೇ ಓಣಿಯಲ್ಲಿ ನಿವೃತ್ತ ಗಣಿತ ಮಾಸ್ತರರೊಬ್ಬರು ಇದ್ದರು. ಅವರ ಹತ್ತಿರ ಹೋಗುವ ಮುಂಚೆ ಒಂದು ಹಾಳೆ ಸಿದ್ಧ ಮಾಡಿಕೊಂಡೆ. ಮೇಲೆ ಲೆಕ್ಕ, ಪುಸ್ತಕದಲ್ಲಿ ಇದ್ದ ಹಾಗೇ, ಒಂದು ಪದ ಬಿಡದೆ. ಕೆಳಗೆ ನಾನು ಮಾಡಿದ್ದು: ಮೊದಲ ಸಂಖ್ಯೆ ಎಕ್ಸ್, ನಾಲ್ಕನ್ನೂ ಗುಣಿಸಿದರೆ ಎಕ್ಸ್‌ನ ನಾಲ್ಕನೇ ಘಾತದ ಸಮೀಕರಣ, ಅಲ್ಲಿಗೆ ನಿಂತಿದ್ದೇನೆ. ಕೊನೆಗೆ ಒಂದೇ ಪ್ರಶ್ನೆ: ನಾಲ್ಕನೇ ಘಾತ ಬರದ ಹಾಗೆ ಮಾಡಬಹುದಾ? ಹಾಳೆ ಕೊಡುವಾಗ "ಉತ್ತರ ಬ್ಯಾಡ್ರಿ ಸರ, ಸುಳಿವು ಕೊಟ್ರ ಸಾಕು" ಅಂದೆ.

ಓದಿ ಅಂದರು: "ನಾಲ್ಕೂ ಒಮ್ಮೆಲೇ ಯಾಕ ಗುಣಸ್ತಿ? ಹೊರಗಿನ ಎರಡು ಒಂದು ಜೋಡಿ, ಒಳಗಿನ ಎರಡು ಒಂದು ಜೋಡಿ. ಫರಕ್ ಎಷ್ಟು ಬರ್ತದ ನೋಡು."

ಅಲ್ಲೇ ಕೂತು ಮಾಡಿದೆ. ಹೊರಗಿನ ಜೋಡಿಯ ಗುಣಲಬ್ಧ ಎಕ್ಸ್ ವರ್ಗ, ಕೂಡಿಸು 3 ಎಕ್ಸ್. ಒಳಗಿನದೂ ಅದೇ, 2 ಮಾತ್ರ ಜಾಸ್ತಿ. ಅಂದರೆ 2 ಫರಕ್ ಇರುವ ಎರಡು ಸಂಖ್ಯೆಗಳ ಗುಣಲಬ್ಧ 1680. ಅದಕ್ಕೆ 1 ಕೂಡಿಸಿದರೆ ಅವುಗಳ ನಡುವಿನ ಸಂಖ್ಯೆಯ ವರ್ಗ ಸಿಗುತ್ತದೆ: 1681, ಅದು 41ರ ವರ್ಗ. ಹಾಗಾಗಿ ಹೊರಗಿನ ಜೋಡಿ 40, ಒಳಗಿನದು 42. ಹೊರಗಿನದು 40 ಆಗಬೇಕಾದರೆ ಎಕ್ಸ್ 5 ಇರಬೇಕು, ಇಲ್ಲಾ −8. ಎರಡನೇ ಉತ್ತರ ಸಿಕ್ಕಿತು: −8, −7, −6, −5. ನಡುವೆ −41 ಇಟ್ಟರೂ ನೋಡಬೇಕಲ್ವಾ? ನೋಡಿದೆ. ಆ ವರ್ಗ ಸಮೀಕರಣದ ಶೋಧಕ (ಉತ್ತರ ಇದೆಯೋ ಇಲ್ಲವೋ ಹೇಳುವ ಸಂಖ್ಯೆ) −159 ಬಂತು. ಅದು ಸೊನ್ನೆಗಿಂತ ಕಡಿಮೆ, ಹಾಗಾಗಿ ವಾಸ್ತವ ಮೂಲಗಳೇ ಇಲ್ಲ.

ಈಗ ವಾಟ್ಸಾಪ್‌ನಲ್ಲಿ ಕೇಳುವಾಗಲೂ ಆ ಹಾಳೆಯ ಕ್ರಮವೇ. ಫೋಟೋದಲ್ಲಿ ಹೊಡೆದು ಹಾಕಿದ ಸಾಲುಗಳೂ ಇರುತ್ತವೆ. ಎಲ್ಲಿ ದಾರಿ ತಪ್ಪಿತು ಅಂತ ನೋಡುವವರಿಗೆ ಬೇಗ ಕಾಣುವುದು ಅಲ್ಲೇ. ಟೈಪ್ ಮಾಡಲೇಬೇಕಾದರೆ ಆವರಣ ಹಾಕುತ್ತೇನೆ. ಸುಮ್ನೆ 1/ಎಕ್ಸ್+2 ಅಂತ ಕಳಿಸಿದರೆ 2 ಕೆಳಗಿದೆಯೋ ಪಕ್ಕದಲ್ಲಿದೆಯೋ ಯಾರಿಗೆ ಗೊತ್ತು? ಎಕ್ಸ್ 1 ಆದಾಗ ಒಂದು ರೀತಿ ಓದಿದರೆ 3, ಇನ್ನೊಂದು ರೀತಿ ಓದಿದರೆ 1/3.