ರೇಡಿಯೊ ನಿಯಂತ್ರಿತ ಹೆಲಿಕಾಪ್ಟರ್: ಹಾರಿಸುವ ಮೊದಲು ನಿಲ್ಲಿಸಲು ಕಲಿಯಿರಿ

ಚೆನ್ನಾಗಿ ಹೊಂದಿಸಿದ ಮಾದರಿ ವಿಮಾನವನ್ನು ಮೇಲೇರಿಸಿ ಸ್ಟಿಕ್‌ನಿಂದ ಬೆರಳು ತೆಗೆದರೆ ಅದು ಸ್ವಲ್ಪ ಹೊತ್ತು ತನ್ನ ಪಾಡಿಗೆ ತಾನು ಹೋಗುತ್ತದೆ. ಹೆಲಿಕಾಪ್ಟರ್‌ಗೆ ಆ ಗುಣವಿಲ್ಲ. ಎಡಕ್ಕೆ ವಾಲಿಸಿ ಸ್ಟಿಕ್ ಅನ್ನು ನಡುವಿಗೆ ಬಿಟ್ಟರೂ ಅದು ವಾಲಿಕೊಂಡೇ ಇರುತ್ತದೆ, ಎಡಕ್ಕೆ ಸರಿಯುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಮತ್ತೆ ಸಮಸ್ಥಿತಿಗೆ ತರಬೇಕೆಂದರೆ ಬಲಕ್ಕೆ ಅಷ್ಟೇ ಅಳತೆಯ ಒತ್ತು ಕೊಡಬೇಕು. ಆದ್ದರಿಂದ ಇಲ್ಲಿ ಕಲಿಕೆ ಶುರುವಾಗುವುದು ಹೋವರಿಂಗ್‌ನಿಂದ, ಅಂದರೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲಿಸುವುದರಿಂದ. ಈ ಹಂತವನ್ನು ಹಾರಿ ದಾಟುವವರೇ ಹೆಚ್ಚು ಯಂತ್ರಗಳನ್ನು ಮುರಿಯುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವುದನ್ನು ಕೊಳ್ಳಬೇಕು? ಒಂದರ ಮೇಲೊಂದು ಎರಡು ರೋಟರ್‌ಗಳು ವಿರುದ್ಧ ದಿಕ್ಕಿಗೆ ತಿರುಗುವ ಕೊಆಕ್ಸಿಯಲ್ ಮಾದರಿ ತಾನಾಗಿಯೇ ಸ್ಥಿರವಾಗಿರುತ್ತದೆ. ಮಕ್ಕಳಿಗೆ ಅದು ಚೆನ್ನ, ಆದರೆ ಮುಂದಕ್ಕೆ ಬೇಕಾದ ಬೆರಳಿನ ಅಭ್ಯಾಸ ಅದರಿಂದ ಬರುವುದಿಲ್ಲ. ಫಿಕ್ಸ್ಡ್ ಪಿಚ್ ಮಾದರಿಯಲ್ಲಿ ಅಲಗುಗಳ ಕೋನ ಬದಲಾಗದು, ರೋಟರ್‌ನ ವೇಗ ಹೆಚ್ಚಿಸಿದರೆ ಮೇಲೇರುತ್ತದೆ. ಕಲೆಕ್ಟಿವ್ ಪಿಚ್‌ನಲ್ಲಿ ರೋಟರ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ, ಅಲಗುಗಳ ಕೋನ ಬದಲಾಗುತ್ತದೆ. ಹಾಗಾಗಿ ಅದು ಆಜ್ಞೆಗೆ ತಕ್ಷಣ ಸ್ಪಂದಿಸುತ್ತದೆ. ನನ್ನ ಸಲಹೆ, ಅಂಗೈಗಿಂತ ತುಸು ದೊಡ್ಡದಾದ ಫಿಕ್ಸ್ಡ್ ಪಿಚ್ ಮಾದರಿಯೊಂದು, ಜೊತೆಗೆ ಕಂಪ್ಯೂಟರ್ ಸಿಮ್ಯುಲೇಟರ್.

ಸಿಮ್ಯುಲೇಟರನ್ನು ಆಟವೆಂದು ತಳ್ಳಿಹಾಕಬೇಡಿ. ಮುಂದೆ ಹಾರಿಸಲು ಬಳಸಲಿರುವ ಟ್ರಾನ್ಸ್‌ಮಿಟರನ್ನೇ, ಅಂದರೆ ಕೈಯಲ್ಲಿ ಹಿಡಿಯುವ ಸ್ಟಿಕ್‌ಗಳುಳ್ಳ ನಿಯಂತ್ರಕವನ್ನೇ, ಕಂಪ್ಯೂಟರ್‌ಗೆ ಜೋಡಿಸಿ ಅಭ್ಯಾಸ ಮಾಡಿ. ಬಹಳಷ್ಟು ಕಡೆ ಬಳಕೆಯಲ್ಲಿರುವ ಮೋಡ್ 2 ಜೋಡಣೆಯಲ್ಲಿ ಎಡಗೈ ಸ್ಟಿಕ್ ಏರಿಳಿತವನ್ನೂ ಮೂತಿಯ ತಿರುವನ್ನೂ ನೋಡಿಕೊಳ್ಳುತ್ತದೆ. ಬಲಗೈ ಸ್ಟಿಕ್ ಹಿಂದೆ ಮುಂದೆ ಮತ್ತು ಅಕ್ಕಪಕ್ಕದ ವಾಲಿಕೆಗೆ. ಈ ನಾಲ್ಕೂ ಆಜ್ಞೆಗಳು ಒಂದನ್ನೊಂದು ಕದಡುತ್ತವೆ. ಮುಂದಕ್ಕೆ ವಾಲಿಸಿದರೆ ಎತ್ತರ ಕುಸಿಯುತ್ತದೆ, ಏರಿಸಿದರೆ ಮೂತಿ ತಿರುಗಲು ನೋಡುತ್ತದೆ. ಬಾಲವನ್ನು ಹಿಡಿದಿಡುವ ಗೈರೊ ಇಂದು ಬಹುತೇಕ ಎಲ್ಲ ಮಾದರಿಗಳಲ್ಲೂ ಇದೆ. ಅದಿಲ್ಲದ ಆರಂಭದ ಕಾಲದಲ್ಲಿ ಆ ಕೆಲಸವನ್ನೂ ಹೆಬ್ಬೆರಳೇ ಮಾಡಬೇಕಿತ್ತು.

ಮೈದಾನಕ್ಕೆ ಹೋಗುವ ಮುನ್ನ ಸುರಕ್ಷತೆಯ ಮಾತು. 450 ವರ್ಗದ ಮಾದರಿಯ ರೋಟರ್ ವ್ಯಾಸ ಸುಮಾರು 70 ಸೆಂಟಿಮೀಟರ್. ಅದು ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅಲಗಿನ ತುದಿ ಗಂಟೆಗೆ 360 ಕಿಲೊಮೀಟರಿಗೂ ಹೆಚ್ಚಿನ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಇಂಥ ಮಾದರಿಯಿಂದ ಎಂಟು ಹತ್ತು ಮೀಟರ್ ದೂರದಲ್ಲಿ ನಿಲ್ಲಿ, ಸುತ್ತ ಜನರಿರಬಾರದು. ನಿಮ್ಮ ದೇಶದ ಹಾರಾಟದ ನಿಯಮಗಳನ್ನೂ ಮೊದಲೇ ತಿಳಿದುಕೊಳ್ಳಿ.

ಮೊದಲು ಟ್ರಾನ್ಸ್‌ಮಿಟರ್, ನಂತರ ಹೆಲಿಕಾಪ್ಟರ್ ಚಾಲೂ ಮಾಡಬೇಕು. ನಿಲ್ಲಿಸುವಾಗ ಇದಕ್ಕೆ ವಿರುದ್ಧ ಕ್ರಮ. ಬ್ಯಾಟರಿ ಜೋಡಿಸುವಾಗ ಥ್ರಾಟಲ್ ಹೋಲ್ಡ್ ಸ್ವಿಚ್ ಹಾಕಿರಲಿ, ಮೋಟರ್ ತಿರುಗದಂತೆ ತಡೆಯುವುದು ಅದೇ. ಗೈರೊ ಸಿದ್ಧಗೊಳ್ಳುವ ಕೆಲವು ಸೆಕೆಂಡುಗಳ ಕಾಲ ಯಂತ್ರವನ್ನು ಅಲುಗಾಡಿಸಬೇಡಿ. ಬೀಳುವುದು ಖಚಿತವೆನಿಸಿದ ಕ್ಷಣ ಬೆರಳು ತಾನಾಗಿ ಥ್ರಾಟಲ್ ಹೋಲ್ಡ್‌ಗೆ ಹೋಗುವಷ್ಟು ಅಭ್ಯಾಸವನ್ನು ಸಿಮ್ಯುಲೇಟರ್‌ನಲ್ಲೇ ಮಾಡಿಕೊಳ್ಳಿ. ಶಕ್ತಿಯಿಲ್ಲದೆ ನೆಲಕ್ಕೆ ಬಡಿದ ರೋಟರ್‌ಗಿಂತ ಮೋಟರ್ ಓಡುತ್ತಿರುವಾಗಲೇ ಬಡಿದ ರೋಟರ್ ಹೆಚ್ಚು ಭಾಗಗಳನ್ನು ಮುರಿಯುತ್ತದೆ.

ಗಾಳಿಯಿಲ್ಲದ ಹೊತ್ತು ಆರಿಸಿ. ಹೆಲಿಕಾಪ್ಟರಿನ ಬಾಲ ನಿಮ್ಮ ಕಡೆಗಿರಲಿ. ಆಗ ಅದರ ಎಡ ನಿಮ್ಮ ಎಡ, ಅದರ ಬಲ ನಿಮ್ಮ ಬಲ. ಕೆಳಗೆ ಅಡ್ಡಡ್ಡವಾಗಿ ಕಡ್ಡಿಗಳನ್ನು ಕಟ್ಟಿ ತುದಿಗೆ ಚೆಂಡು ಸಿಕ್ಕಿಸಿದ ಟ್ರೇನಿಂಗ್ ಗೇರ್ ಹಾಕಿದರೆ ಇಳಿಯುವಾಗ ಮಗುಚುವ ಅಪಾಯ ಕಡಿಮೆ. ಬಹುತೇಕ ಹೊಸಬರು ನೆಲದಿಂದ ಗೇಣುದ್ದ ಮೇಲೆ ಹಿಡಿದಿಡಲು ನೋಡುತ್ತಾರೆ, ಅಲ್ಲಿಯೇ ಕಷ್ಟ ಹೆಚ್ಚು. ರೋಟರ್ ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಸುಳಿಯಾಗಿ ಯಂತ್ರವನ್ನು ಅತ್ತಿತ್ತ ನೂಕುತ್ತದೆ. ಸಿಮ್ಯುಲೇಟರ್‌ನಲ್ಲಿ ಕೈ ಕುದುರಿದ್ದರೆ ಅಳುಕದೆ ಕಣ್ಣಿನ ಮಟ್ಟಕ್ಕೆ ಏರಿಸಿ, ಅಲ್ಲಿ ಆ ಸುಳಿಯ ಕಾಟವಿಲ್ಲ.

ಕಣ್ಣು ಮೂತಿಯ ಮೇಲಿರಲಿ. ಬಾಲ ಹತ್ತಿರವಿರುವುದರಿಂದ ನೋಟ ಅದರ ಕಡೆಗೇ ಹೋಗುತ್ತದೆ, ಆದರೆ ಎಡಕ್ಕೆ ತಿರುಗಿಸಿದಾಗ ಬಾಲ ಬಲಕ್ಕೆ ಚಲಿಸಿ ದಾರಿ ತಪ್ಪಿಸುತ್ತದೆ. ಸಾಮಾನ್ಯವಾಗಿ ಮಾದರಿಗಳ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅದರ ಎದುರೊತ್ತಡವನ್ನು ತಡೆಯುವ ಬಾಲದ ರೋಟರ್ ಇಡೀ ಯಂತ್ರವನ್ನು ಎಡಕ್ಕೆ ನೂಕುವುದರಿಂದ, ನಿಂತಲ್ಲೇ ನಿಲ್ಲಲು ಹೆಲಿಕಾಪ್ಟರ್ ತುಸು ಬಲಕ್ಕೆ ವಾಲಿರಬೇಕು. ಇದನ್ನು ದೋಷವೆಂದು ಭಾವಿಸಿ ಸರಿಪಡಿಸಲು ಹೋಗಬೇಡಿ.

ಬೆರಳಿನ ಚಲನೆ ಅಕ್ಕಿಕಾಳಿನಷ್ಟು ಸಾಕು. ಸರಿಯತೊಡಗಿದೊಡನೆ ಎದುರು ದಿಕ್ಕಿಗೆ ಚಿಕ್ಕ ಒತ್ತು, ಅದು ನಿಧಾನವಾಗುತ್ತಿದ್ದಂತೆ ಮತ್ತೊಂದು ಚಿಕ್ಕ ಒತ್ತಿನಿಂದ ಸಮಸ್ಥಿತಿ. ಎರಡನೆಯ ಒತ್ತು ಮರೆತರೆ ಯಂತ್ರ ಉಯ್ಯಾಲೆಯಾಡಲು ಶುರು ಮಾಡುತ್ತದೆ, ಗಾಬರಿಯಲ್ಲಿ ಸ್ಟಿಕ್ ಎಳೆದಾಡಿದಷ್ಟೂ ತೂಗಾಟ ಹೆಚ್ಚುತ್ತದೆ. ಈಗಿನ ಹಲವು ಮಾದರಿಗಳಲ್ಲಿ ಸ್ಟಿಕ್ ಬಿಟ್ಟರೆ ತಾನಾಗಿ ಸಮಗೊಳ್ಳುವ ವ್ಯವಸ್ಥೆಯಿದೆ. ಆರಂಭಕ್ಕೆ ಅದನ್ನು ಬಳಸಿ, ಧೈರ್ಯ ಬಂದ ಮೇಲೆ ತೆಗೆದುಬಿಡಿ. ಇಲ್ಲದಿದ್ದರೆ ಎರಡನೆಯ ಒತ್ತನ್ನು ಬೆರಳು ಕಲಿಯುವುದೇ ಇಲ್ಲ.

ಬಾಲ ಇತ್ತ ಇಟ್ಟುಕೊಂಡು ಒಂದು ಬ್ಯಾಟರಿ ಮುಗಿಯುವವರೆಗೆ ನಿರಾಯಾಸವಾಗಿ ನಿಲ್ಲಿಸಲು ಬಂದ ಮೇಲೆ ಮೂತಿಯನ್ನು ಸ್ವಲ್ಪ ಓರೆ ಮಾಡಿ, ಬಳಿಕ ಪೂರ್ತಿ ಪಕ್ಕಕ್ಕೆ, ಎಡ ಬಲ ಎರಡೂ ಕಡೆ. ಕೊನೆಯಲ್ಲಿ ಮೂತಿ ನಿಮ್ಮತ್ತ. ಎಲ್ಲರೂ ಹೆದರುವ ಹಂತವಿದು. ಇಲ್ಲಿ ಅಕ್ಕಪಕ್ಕದ ವಾಲಿಕೆ ತಿರುಗುಮುರುಗಾಗುತ್ತದೆ. ಯಾವ ಪಕ್ಕ ಕೆಳಗಿಳಿದಿದೆಯೋ ಆ ಕಡೆಗೇ ಸ್ಟಿಕ್ ಒತ್ತಿ, ಇಳಿದ ಬದಿಗೆ ಆಸರೆ ಕೊಟ್ಟಂತೆ ಅದು ಮೇಲೇಳುತ್ತದೆ. ಇದು ಕೈವಶವಾದ ಮೇಲೆ ಮುಂದೋಟ, ವೃತ್ತ, ಎಂಟರ ಆಕಾರಗಳು ಬೇಗನೆ ಬರುತ್ತವೆ.

ಟೈಮರ್ ಇಟ್ಟುಕೊಂಡು ಬ್ಯಾಟರಿಯ ಶೇಕಡ 80ರಷ್ಟು ಖರ್ಚಾಗುವ ಹೊತ್ತಿಗೆ ಇಳಿಸಿ. ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಸೆಲ್ 4.2 ವೋಲ್ಟ್‌ಗೆ ತುಂಬುತ್ತದೆ. ಚಾರ್ಜ್ ಆಗುವಾಗ ಅದನ್ನು ಬಿಟ್ಟು ಹೋಗಬೇಡಿ, ಉಬ್ಬಿದ್ದನ್ನು ಮತ್ತೆ ಬಳಸಬೇಡಿ. ಕೆಲವು ದಿನ ಹಾರಿಸುವುದಿಲ್ಲವಾದರೆ ಸೆಲ್‌ಗೆ ಸುಮಾರು 3.8 ವೋಲ್ಟ್‌ನಲ್ಲಿ ಎತ್ತಿಡಿ.